ಜುಲೈ ಮಳೆಯಲ್ಲಿ ಬೆಳಗಾವಿಯಿಂದ ಕಡಲಿಗೆ: ಗೋವಾನೋ, ಗೋಕರ್ಣವೋ, ಮಾಲ್ವಣವೋ?

ಮೂರೂ ಕಡೆ ಈಗ ಈಜುವ ಮಾತೇ ಇಲ್ಲ. ಕೆಂಪು ಬಾವುಟ ಕಂಡರೆ ಮೊಣಕಾಲು ನೀರಿಗೂ ಇಳಿಯಬೇಡಿ. ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ.

ದಾರಿಯ ಲೆಕ್ಕದಲ್ಲಿ ಗೋವಾ ಹತ್ತಿರ. ಚೋರ್ಲಾ ಘಾಟಿನ ಮೇಲೆ ಪಣಜಿ ಸುಮಾರು 120 ಕಿ.ಮೀ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್. ಲೋಬೀಮ್‌ನಲ್ಲೇ, ಹಗಲಲ್ಲೇ ಘಾಟು ಇಳಿಯಿರಿ. ಗೋಕರ್ಣ ದೂರ, ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. ಮಹಾರಾಷ್ಟ್ರದ ಮಾಲ್ವಣದ ದಾರಿಯಲ್ಲಿ ಅಂಬೋಲಿ ಘಾಟು. ರವಿವಾರ ಜಲಪಾತದ ಹತ್ತಿರ ಗಾಡಿಗಳ ಸಾಲು.

ಗೋವಾದಲ್ಲಿ ದಂಡೆಯ ಶ್ಯಾಕ್‌ಗಳು (ಊಟದ ಗುಡಿಸಲುಗಳು) ಬಂದ್, ಆದರೆ ರೂಮು ಅಗ್ಗ, ಚೌಕಾಸಿಯೂ ನಡೆಯುತ್ತದೆ. ಮಳೆ ಹಿಡಿದರೆ ಹಳೇ ಗೋವಾದ ಚರ್ಚುಗಳಿವೆ. ಮಾಲ್ವಣದ ಸೊಗಸೇ ಸಮುದ್ರದೊಳಗಿನ ಸಿಂಧುದುರ್ಗ ಕೋಟೆಗೆ ಹೋಗುವ ದೋಣಿ ಮತ್ತು ಸ್ಕೂಬಾ ಡೈವಿಂಗ್, ಎರಡೂ ನಿಂತಿರುತ್ತವೆ. ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ತಾಜಾ ಸುರಮಯಿ ಮೀನು ನೆಚ್ಚಿ ಎಲ್ಲಿಗೂ ಹೊರಡಬೇಡಿ.

ಸಣ್ಣ ಮಕ್ಕಳು, ಎರಡೇ ದಿನ ರಜೆ ಇದ್ದರೆ ಗೋವಾ. ಹಿರಿಯರಿಗೆ ಮಹಾಬಲೇಶ್ವರನ ದರ್ಶನವೇ ಮುಖ್ಯವಾದರೆ ಗೋಕರ್ಣ. ಓಂ ಬೀಚಿನ ಜಾರುವ ಕಲ್ಲುದಾರಿಗೆ ಮಾತ್ರ ಅವರನ್ನು ಕರೆದೊಯ್ಯಬೇಡಿ. ಮಾಲ್ವಣಕ್ಕೆ ಹೋಗುವುದು ಅಂಬೋಲಿಯ ನೆಪಕ್ಕಾದರೆ ಸರಿ, ಇಲ್ಲವಾದರೆ ದೀಪಾವಳಿಗೆ ಇಟ್ಟುಕೊಳ್ಳಿ.