ತುಮಕೂರಿನಲ್ಲಿದ್ದು ಸಾಫ್ಟ್‌ವೇರ್ ಕೆಲಸ: ರೈಲು, ಮನೆ, ಊರಿನ ಕಂಪನಿ

ತುಮಕೂರಿನಲ್ಲಿ ನೆಲೆಸಿರುವ ಸಾಫ್ಟ್‌ವೇರ್ ಉದ್ಯೋಗಿಗಳು ದಿನವೂ ಬೆಂಗಳೂರಿಗೆ ಹೋಗಿ ಬರಬಹುದು, ಅಲ್ಲಿನ ಕಂಪನಿಗೆ ಮನೆಯಿಂದಲೇ ದುಡಿಯಬಹುದು, ಇಲ್ಲವೇ ಊರಿನ ಸಣ್ಣ ಕಂಪನಿಯೊಂದನ್ನು ಸೇರಬಹುದು. ಮೂರನ್ನೂ ಮಾಡಿ ನೋಡಿದ ನನ್ನ ಅಭಿಪ್ರಾಯದಲ್ಲಿ, ಕೈತುಂಬ ಸಂಬಳ ಕೊಡುವ ದಾರಿಯೂ ಊರಿನಲ್ಲಿ ಈ ಉದ್ಯಮವನ್ನು ಬೇರೂರಿಸುವ ದಾರಿಯೂ ಒಂದೇ ಅಲ್ಲ.

ರೈಲಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸುಮಾರು 70 ಕಿ.ಮೀ. ದೂರಕ್ಕೆ ತಿಂಗಳ ಪಾಸು ಬಹಳ ಅಗ್ಗ, ಯಶವಂತಪುರದಲ್ಲಿ ಇಳಿದರೆ ಮೆಟ್ರೊ ಕೂಡ ಸಿಗುತ್ತದೆ. ಕಚೇರಿ ಮಲ್ಲೇಶ್ವರದಲ್ಲೋ ಪೀಣ್ಯದಲ್ಲೋ ಇದ್ದರೆ ಸರಿ. ವೈಟ್‌ಫೀಲ್ಡ್ ಆದರೆ ಬೇಡ.

ಹಣದ ಲೆಕ್ಕದಲ್ಲಿ ಮನೆಯಿಂದ ಕೆಲಸವೇ ಮೇಲು. ಸಂಬಳ ಬೆಂಗಳೂರಿನದು, ಬಾಡಿಗೆ ತುಮಕೂರಿನದು. ಫೈಬರ್ ಇಂಟರ್ನೆಟ್ಟೂ ಒಂದು ಯುಪಿಎಸ್ಸೂ ಇದ್ದರೆ ಕರೆಂಟು ಹೋದರೂ ಮೀಟಿಂಗು ನಿಲ್ಲುವುದಿಲ್ಲ. ಆದರೆ ವಾರಕ್ಕೆ ಮೂರು ದಿನ ಬನ್ನಿ ಎಂದು ಕಂಪನಿ ಹೇಳಿದೊಡನೆ ಮತ್ತೆ ಅದೇ ರೈಲು ಹತ್ತಬೇಕು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಿಂದ ವರ್ಷವರ್ಷವೂ ಎಂಜಿನಿಯರುಗಳು ಹೊರಬರುತ್ತಿದ್ದರೂ, ಕೋಣೆಯೊಳಗೆ ಕುಳಿತ ನನ್ನಿಂದ ಅವರಲ್ಲಿ ಒಬ್ಬರೂ ಕೆಲಸ ಕಲಿಯುವಂತಿರಲಿಲ್ಲ. ನನ್ನಂಥವರಿಂದ ಊರಿನಲ್ಲಿ ಏರುವುದು ಸೈಟಿನ ಬೆಲೆ ಮಾತ್ರ.

ಊರಿನ ಕಂಪನಿಯಲ್ಲಿ ನನ್ನ ಪಾಲಿಗೆ ಬಂದದ್ದು ತುಮಕೂರಿನ ಬಳಿಯ ಕೈಗಾರಿಕಾ ಪ್ರದೇಶವಾದ ವಸಂತನರಸಾಪುರದ ಯಂತ್ರಭಾಗ ತಯಾರಕರೊಬ್ಬರಿಗೆ ಉತ್ಪಾದನೆಯ ಲೆಕ್ಕವಿಡುವ ತಂತ್ರಾಂಶ. ಶಿಫ್ಟ್ ಮುಗಿಯುವ ಹೊತ್ತಿಗೆ ಸೂಪರ್‌ವೈಸರು ಪ್ರತಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಮುಂದೆ ನಿಂತು, ಎಷ್ಟು ಪೀಸು ಆಯಿತು, ಎಷ್ಟು ರಿಜೆಕ್ಟ್ ಆಯಿತು ಎಂದು ರಟ್ಟಿಗೆ ಸಿಕ್ಕಿಸಿದ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು. ಅದರ ಬದಲಿಗೆ ಟ್ಯಾಬ್ಲೆಟ್ ಕೊಟ್ಟಾಗ ಯಂತ್ರವನ್ನು ತಂಪಾಗಿಡುವ ಕೂಲೆಂಟ್ ದ್ರವ ಮೆತ್ತಿದ ಬೆರಳಿಗೆ ಪರದೆ ಸ್ಪಂದಿಸಲಿಲ್ಲ. ಕೊನೆಗೆ ಯಂತ್ರದ ಪಕ್ಕದಲ್ಲೇ ಗಟ್ಟಿಯಾದ ಎರಡು ಗುಂಡಿಗಳನ್ನು ಅಳವಡಿಸಿ, ಎಣಿಕೆಯನ್ನು ನೇರವಾಗಿ ಯಂತ್ರದಿಂದಲೇ ಪಡೆಯುವ ವ್ಯವಸ್ಥೆ ಮಾಡಿದೆವು. ಕಾರ್ಖಾನೆ ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರವಿದ್ದುದರಿಂದಲೇ ಇದು ಸಾಧ್ಯವಾಯಿತು. ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯಲ್ಲಿ ಇಷ್ಟು ಕಲಿತ ನೆನಪು ನನಗಿಲ್ಲ.

ಸಂಬಳ ಗಣನೀಯವಾಗಿ ಕಡಿಮೆ, ಗ್ರಾಹಕರಿಂದ ಬಿಲ್ಲು ವಸೂಲಾಗದ ತಿಂಗಳು ಅದೂ ತಡ. ಇದನ್ನಾದರೂ ಸಹಿಸಬಹುದು, ಆದರೆ ಇಲ್ಲಿ ಒಂದು ಕೆಲಸ ಬಿಟ್ಟರೆ ಅಂಥದೇ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಹೊರಗೆ ತಂತ್ರಜ್ಞಾನ ಉದ್ಯಮ ಬೆಳೆಸುವ ಸರ್ಕಾರದ ಯೋಜನೆಯಲ್ಲಿ ಮೊದಲಿನಿಂದಲೂ ಮುಂದಿದ್ದ ಹೆಸರುಗಳು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ. ಅವುಗಳ ದೂರವೇ ಅವುಗಳಿಗೆ ಅನುಕೂಲವಾಗಿದೆ ಎಂದು ನನಗನಿಸುತ್ತದೆ. ತುಮಕೂರಿನ ಅನುಭವಸ್ಥರನ್ನು ರಾಜಧಾನಿ ಬೆಳಗಿನ ರೈಲಿನಲ್ಲೇ ಎಳೆದುಕೊಳ್ಳುತ್ತದೆ.

ಓದು ಮುಗಿಸಿದವರಿಗೆ ಮೊದಲ ಒಂದೆರಡು ವರ್ಷಕ್ಕೆ ಊರಿನ ಕಂಪನಿಯನ್ನೂ, ಸಾಲ ಮತ್ತು ಮಕ್ಕಳ ಫೀಸು ಇರುವವರಿಗೆ ಮನೆಯಿಂದ ಕೆಲಸವನ್ನೂ ನಾನು ಸೂಚಿಸುತ್ತೇನೆ. ಊರಿನ ಕಂಪನಿ ಸೇರುವ ಮುನ್ನ ಮಾತ್ರ ಅದರ ಗ್ರಾಹಕರು ಯಾರು ಎಂದು ಕೇಳಿಕೊಳ್ಳಿ: ಎಲ್ಲರೂ ಬೆಂಗಳೂರಿನವರೇ ಆಗಿದ್ದರೆ, ಆ ಕಂಪನಿಯ ಕಚೇರಿಯೂ ಇಂದಲ್ಲ ನಾಳೆ ಅಲ್ಲಿಗೇ ಹೋಗುವ ಸಂಭವ ಹೆಚ್ಚು.