ಸಾಕ್ಷ್ಯಚಿತ್ರದ ಸ್ಕ್ರಿಪ್ಟಿಗೆ ಗೂಗಲ್ ಡಾಕ್ಸ್: ತಿದ್ದಲು ಸೈ, ಅಳೆಯಲು ಅಲ್ಲ

ಫೈನಲ್ ಡ್ರಾಫ್ಟ್‌ನಂಥ ಚಿತ್ರಕಥೆ ಬರೆಯುವ ಸಾಫ್ಟ್‌ವೇರ್ ಹುಟ್ಟಿದ್ದೇ ಕಥಾಚಿತ್ರಕ್ಕಾಗಿ. ಪಾತ್ರದ ಹೆಸರು, ಸಂಭಾಷಣೆ, ದೃಶ್ಯದ ತಲೆಬರಹ ಎಲ್ಲಕ್ಕೂ ಅಲ್ಲಿ ಜಾಗವಿದೆ. ಸಾಕ್ಷ್ಯಚಿತ್ರಕ್ಕೆ ಬೇಕಾದದ್ದು ಬೇರೆ: ಎಡಕ್ಕೆ ಚಿತ್ರ, ಬಲಕ್ಕೆ ಧ್ವನಿ. ಇಷ್ಟಕ್ಕೆ ಗೂಗಲ್ ಡಾಕ್ಸ್‌ನ ಒಂದು ಟೇಬಲ್ ಧಾರಾಳವಾಗಿ ಸಾಕು. ಟೇಬಲ್ ಹಾಕುವಾಗ ಮಾಡಿದ ತಪ್ಪು ಮಾತ್ರ ಮೂರನೇ ಡ್ರಾಫ್ಟಿನ ಹೊತ್ತಿಗೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ಪುಟವನ್ನು ಎ4 ಅಡ್ಡಕ್ಕೆ ತಿರುಗಿಸಿ ನಾಲ್ಕು ಕಾಲಂ ಹಾಕಿ: ಸಂಖ್ಯೆ, ಚಿತ್ರ, ಧ್ವನಿ, ಮೂಲ. ಮೂಲ ಎಂದರೆ ಕ್ಲಿಪ್‌ನ ಹೆಸರು, ಅದರ ಆರಂಭ ಮತ್ತು ಅಂತ್ಯದ ಟೈಮ್‌ಕೋಡ್ (ಗಂಟೆ:ನಿಮಿಷ:ಸೆಕೆಂಡ್:ಫ್ರೇಮ್). ತಲೆಸಾಲನ್ನು ಪಿನ್ ಮಾಡಿದರೆ ಪ್ರತಿ ಪುಟದಲ್ಲೂ ಕಾಣುತ್ತದೆ. ಟೇಬಲ್ ಪ್ರಾಪರ್ಟೀಸ್‌ನಲ್ಲಿ ಸಾಲು ಮುಂದಿನ ಪುಟಕ್ಕೆ ಹರಿಯದಂತೆ ತಡೆಯುವ ಆಯ್ಕೆಯೂ ಇದೆ, ಮರೆಯಬೇಡಿ. ಇಲ್ಲದಿದ್ದರೆ ನಿರೂಪಕರು ವಾಕ್ಯದ ನಡುವೆ ಹಾಳೆ ತಿರುವಬೇಕಾಗುತ್ತದೆ, ಆ ಸದ್ದು ಮೈಕಿಗೆ ಬೀಳುತ್ತದೆ. ಇಡೀ ಚಿತ್ರಕ್ಕೆ ಒಂದೇ ಟೇಬಲ್ ಹಾಕಬೇಡಿ. ಸೀಕ್ವೆನ್ಸಿಗೊಂದು, ಅಂದರೆ ಒಟ್ಟಿಗೆ ಸೇರುವ ದೃಶ್ಯಗಳ ಗುಂಪಿಗೊಂದು, ಟೇಬಲ್ ಇರಲಿ, ಅದರ ಮೇಲೆ ಹೊರಗಡೆ ಹೆಡಿಂಗ್ ಇರಲಿ. ಆಗ ಎಡಬದಿಯ ಔಟ್‌ಲೈನ್‌ನಲ್ಲಿ ಚಿತ್ರದ ಅಸ್ಥಿಪಂಜರ ಒಂದೇ ನೋಟಕ್ಕೆ ಸಿಗುತ್ತದೆ.

ಹೆಚ್ಚಿನವರು ಎಡವುವುದು ಸಂಖ್ಯೆಯ ಕಾಲಂನಲ್ಲಿ. ಡಾಕ್ಸ್‌ನ ತಾನೇ ಎಣಿಸುವ ಪಟ್ಟಿಯನ್ನು ಅಲ್ಲಿ ಬಳಸಿದರೆ, ಒಂದು ಸಾಲು ಮೇಲಕ್ಕೆಳೆದ ಕೂಡಲೇ 14 ಹೋಗಿ 9 ಆಗುತ್ತದೆ, ನಡುವಿನವೆಲ್ಲ ಒಂದೊಂದು ಮುಂದೆ ಜರುಗುತ್ತವೆ. ಎಡಿಟರ್‌ನ ಟಿಪ್ಪಣಿಯಲ್ಲಿ, ಶೂಟಿಂಗ್ ಪಟ್ಟಿಯಲ್ಲಿ, ಅನುಮತಿ ಪತ್ರದಲ್ಲಿ ಅದು ಇನ್ನೂ 14. ಆದ್ದರಿಂದ ಸಂಖ್ಯೆಯನ್ನು ಕೈಯಾರೆ ಬರೆಯಿರಿ, ಒಮ್ಮೆ ಕೊಟ್ಟಿದ್ದನ್ನು ಬದಲಿಸಬೇಡಿ. ಸಾಲು ಎಲ್ಲಿಗೆ ಹೋದರೂ ತನ್ನ ಸಂಖ್ಯೆಯನ್ನು ಹೊತ್ತೇ ಹೋಗಲಿ. ನಡುವೆ ಹೊಸದು ಬಂದರೆ 14ಅ, 14ಆ. ಕೈಬಿಟ್ಟ ಸಾಲಿನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬೇಡಿ. ಪುಟ ನೋಡಲು ಅಸ್ತವ್ಯಸ್ತ ಅನಿಸುತ್ತದೆ, ಅನಿಸಲಿ.

ಸಂದರ್ಶನದ ಬೈಟನ್ನು, ಅಂದರೆ ಚಿತ್ರದಲ್ಲಿ ಬಳಸುವ ಮಾತಿನ ತುಣುಕನ್ನು, ಆಡಿದ ಹಾಗೆಯೇ ಇಳಿಸಿ. ‘ಬಂದ್ವಿ’ ಎಂದದ್ದನ್ನು ‘ಬಂದೆವು’ ಎಂದು ಶುದ್ಧ ಮಾಡಿದರೆ, ಕಟ್ ಎಲ್ಲಿ ಬೀಳಬೇಕೆಂದು ಎಡಿಟರ್‌ಗೆ ಗೊತ್ತಾಗುವುದಿಲ್ಲ. ಉಸಿರು ತೆಗೆಯದೆ ಒಂದಕ್ಕೊಂದು ಅಂಟಿಸಿ ಆಡಿದ ವಾಕ್ಯಗಳ ನಡುವೆ ಕಾಗದದ ಮೇಲೆ ಪೂರ್ಣವಿರಾಮ ಹಾಕುವುದು ಸುಲಭ, ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನ್‌ನಲ್ಲಿ ಕತ್ತರಿ ಹಾಕುವುದು ಅಸಾಧ್ಯ. ಟೈಮ್‌ಕೋಡನ್ನೂ ಪರೀಕ್ಷಿಸಿ. ಸೆಕೆಂಡಿಗೆ 25 ಫ್ರೇಮಿನ ಫುಟೇಜ್‌ನಲ್ಲಿ ಕೊನೆಯ ಎರಡು ಅಂಕಿ 00ರಿಂದ 24ರೊಳಗೇ ಇರಬೇಕು. 01:12:30:28 ಎಂದಿದ್ದರೆ ಬೇರೆ ಫ್ರೇಮ್‌ರೇಟಿನ ಫೈಲ್ ನೋಡಿ ಬರೆದಿರುವ ಸಾಧ್ಯತೆಯೇ ಹೆಚ್ಚು. ಎಲ್ಲ ಕ್ಲಿಪ್‌ಗಳೂ ಸೊನ್ನೆಯಿಂದ ಶುರುವಾಗಿದ್ದರೆ ಬರಿಯ ಆಡಿಯೊ ಕೇಳಿ ಟೈಪ್ ಮಾಡಿದ್ದಿರಬಹುದು, ಕ್ಯಾಮೆರಾದ ಟೈಮ್‌ಕೋಡಿಗೆ ತಾಳೆ ನೋಡಿ. ನುಡಿ, ಬರಹದಂಥ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿರುವ ಪಠ್ಯವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನೇರ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ.

ಚಿತ್ರ, ಧ್ವನಿ ಎಂಬ ಎರಡು ಕಾಲಂನ ನಿಜವಾದ ಲಾಭ ತಿದ್ದುವಾಗ ಗೊತ್ತಾಗುತ್ತದೆ. ಎಡಕ್ಕೆ ‘ಬಾವಿಕಟ್ಟೆ, ಹೆಂಗಸಿನ ಕೈ, ಹಗ್ಗ’ ಎಂದಿದೆ. ಬಲಕ್ಕೆ ‘ಆಕೆ ಬಾವಿಯಿಂದ ನೀರು ಸೇದುತ್ತಿದ್ದಾಳೆ’. ಬರಿಯ ಗದ್ಯವಾಗಿ ಓದಿದರೆ ಈ ವಾಕ್ಯದಲ್ಲಿ ದೋಷವೇ ಇಲ್ಲ, ಪಕ್ಕಪಕ್ಕ ಇಟ್ಟಾಗ ಒಂದೇ ಮಾತನ್ನು ಎರಡು ಸಲ ಹೇಳಿದ್ದು ಕಣ್ಣಿಗೆ ರಾಚುತ್ತದೆ. ‘ಬೇಸಿಗೆ ಬಂದರೆ ಈ ಹಗ್ಗಕ್ಕೆ ಇನ್ನೂ ಎರಡು ಮಾರು ಸೇರುತ್ತದೆ’ ಎಂದು ಮಾಡಿದರೆ ಕ್ಯಾಮೆರಾ ಹೇಳಲಾಗದ್ದನ್ನು ನಿರೂಪಣೆ ಹೇಳಿದಂತಾಯಿತು. (ಆ ಎರಡು ಮಾರಿನ ಮಾತು ಬಾವಿಯವರ ಬಾಯಿಂದಲೇ ಬಂದಿರಬೇಕು ಅನ್ನಿ.) ಇಂಥ ತಿದ್ದುಪಡಿಗೆ ಸಜೆಸ್ಟಿಂಗ್ ಮೋಡ್ ಹೇಳಿ ಮಾಡಿಸಿದ್ದು, ಹಳೆಯ ವಾಕ್ಯ ಗೆರೆ ಎಳೆಸಿಕೊಂಡು ಅಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಒಂದು ಗುಣಿತ, ಒಂದು ಒತ್ತು ಮಾತ್ರ ತಿದ್ದಲು ಹೋಗಬೇಡಿ, ಓದಲಾಗದಷ್ಟು ಗೋಜಲಾಗುತ್ತದೆ. ಇಡೀ ಪದ ಅಳಿಸಿ ಬರೆಯುವುದೇ ಮೇಲು.

ಸಾಲನ್ನು ಕತ್ತರಿಸಿ ಇನ್ನೊಂದೆಡೆ ಅಂಟಿಸಿದಾಗ ಅದರ ಕಾಮೆಂಟೂ ಹಿಂದೆಯೇ ಬರುತ್ತದೆಂದು ನಂಬಿ ಕೂರಬೇಡಿ. ‘ಈ ಇಸವಿ ಖಚಿತವೇ?’ ಎಂಬಂಥ ಪ್ರಶ್ನೆಯನ್ನು ಮೂಲದ ಕಾಲಂನಲ್ಲೇ ಬರೆದಿಡಿ. ಪ್ರತಿ ಡ್ರಾಫ್ಟ್ ಮುಗಿದಾಗ ವರ್ಷನ್ ಹಿಸ್ಟರಿಯಲ್ಲಿ ಅದಕ್ಕೊಂದು ಹೆಸರು ಕೊಡಿ. ಹೆಸರಿಲ್ಲದ ಹಳೆಯ ಆವೃತ್ತಿಗಳನ್ನು ಡಾಕ್ಸ್ ಒಂದರೊಳಗೊಂದು ಸೇರಿಸಿಬಿಡಬಹುದು.

ಇನ್ನು ಅಳತೆ. ಡಾಕ್ಸ್‌ಗೆ ಕಾಲದ ಪರಿವೆಯೇ ಇಲ್ಲ, ಟೇಬಲ್‌ನಲ್ಲಿ ಕೂಡುವ ಸೂತ್ರವೂ ಇಲ್ಲ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಕಥಾಚಿತ್ರದ ಲೆಕ್ಕ ಎರಡು ಕಾಲಂನಲ್ಲಿ ನಡೆಯುವುದಿಲ್ಲ. ಪದಗಳ ಎಣಿಕೆ ಇದೆಯಲ್ಲ ಎನ್ನಬಹುದು. ‘ಹೋಗಬೇಕಾಗಿತ್ತಂತೆ’ ಅದಕ್ಕೆ ಒಂದು ಪದ, ‘ಆ’ ಕೂಡ ಒಂದು ಪದ. ‘1956’ ಎಂದು ಬರೆದರೂ ಒಂದೇ. ಬಾಯಲ್ಲಿ ಅದು ‘ಸಾವಿರದ ಒಂಬೈನೂರ ಐವತ್ತಾರು’, ಸುಮಾರು ಎರಡು ಸೆಕೆಂಡಿನ ಶಾಟನ್ನೇ ನುಂಗುವಷ್ಟು ಉದ್ದ. ಆದ್ದರಿಂದ ಧ್ವನಿಯ ಕಾಲಂನಲ್ಲಿ ಅಂಕಿಗಳನ್ನು ಅಕ್ಷರದಲ್ಲೇ ಬರೆಯಿರಿ. ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಸ್ಟಾಪ್‌ವಾಚ್ ಹಿಡಿದು, ಸೆಕೆಂಡುಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಅದೇ ಸಂಖ್ಯೆಯೆದುರು ಹಾಕಿ. ಮನಸ್ಸಿನಲ್ಲಿ ಓದಿದರೆ ಲೆಕ್ಕ ತಪ್ಪುತ್ತದೆ, ಕಣ್ಣು ಬಾಯಿಗಿಂತ ಬೇಗ ಓಡುತ್ತದೆ. ಎರಡು ಕಡತ ಸಂಭಾಳಿಸುವ ಈ ರಗಳೆಯೇ ಡಾಕ್ಸ್‌ನ ದೊಡ್ಡ ಕೊರತೆ.

ಒಟ್ಟಿನಲ್ಲಿ ಬೈಟ್‌ಗಳನ್ನು ಕಾಗದದ ಮೇಲೆ ಜೋಡಿಸುವ ಪೇಪರ್ ಎಡಿಟ್‌ನಿಂದ ಚಿತ್ರದ ಮೊದಲ ಕಚ್ಚಾ ಜೋಡಣೆಯಾದ ರಫ್ ಕಟ್‌ವರೆಗೆ, ಅದರಲ್ಲೂ ನಿರ್ದೇಶಕ, ಸಂಶೋಧಕ, ಎಡಿಟರ್ ಮೂವರೂ ಕೈಯಾಡಿಸುವ ಚಿತ್ರಕ್ಕೆ, ಬೇರೆ ಸಾಫ್ಟ್‌ವೇರ್ ಹುಡುಕುವ ಅಗತ್ಯ ಕಾಣುವುದಿಲ್ಲ. ರಫ್ ಕಟ್ ಆದಮೇಲೆ ಟೈಮ್‌ಲೈನ್‌ನಲ್ಲಿ ಇರುವುದೇ ಸ್ಕ್ರಿಪ್ಟ್. ಆಗ ಬೈಟ್‌ಗಳ ಕ್ರಮವನ್ನು ಡಾಕ್ಸ್‌ನಲ್ಲಿ ಬದಲಿಸುವುದು ನಿಲ್ಲಿಸಿ, ಕಡತದ ಒಂದು ಪ್ರತಿ ತೆಗೆದು, ಅದರಲ್ಲಿ ನಿರೂಪಣೆಯ ಸಾಲುಗಳನ್ನಷ್ಟೇ ಉಳಿಸಿಕೊಂಡು ಮುಂದುವರಿಸಿ.