ಮುಂದೂಡಿದ ಶಸ್ತ್ರಚಿಕಿತ್ಸೆ: ಕೋವಿಡ್ ಕಾಲದಲ್ಲಿ ಕಂಡ ಒಂದು ವಿಭಾಗ

ನನ್ನ ಪಿತ್ತಕೋಶದ ಕಲ್ಲಿಗೆ 2020ರ ಮಾರ್ಚ್ ಕೊನೆಯ ವಾರ ಗೊತ್ತಾಗಿದ್ದ ಶಸ್ತ್ರಚಿಕಿತ್ಸೆಯನ್ನು, ಇನ್ನೆರಡು ದಿನವಿರುವಾಗ ಫೋನ್ ಮಾಡಿ ಮುಂದೂಡಿದರು. ಅದೇ ತಿಂಗಳ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಹೇಳಿತ್ತಾದರೂ, ನೋವು ತಿನ್ನುತ್ತಿದ್ದವನು ನಾನಾದ್ದರಿಂದ ಸಿಟ್ಟು ಬಂದದ್ದು ನಿಜ. ಅರಿವಳಿಕೆ ತಜ್ಞರನ್ನೂ ಅವರ ಯಂತ್ರಗಳನ್ನೂ ಐಸಿಯುಗೆ ಕಳುಹಿಸಲಾಗಿದೆ, ಕ್ಯಾನ್ಸರ್, ಅಪಘಾತ ಮತ್ತು ಒಡೆದ ಅಪೆಂಡಿಕ್ಸ್‌ಗಳಿಗೆ ಮಾತ್ರ ಆಪರೇಷನ್ ಥಿಯೇಟರ್ ತೆರೆದಿದೆ ಎಂದು ವೈದ್ಯರು ಬಿಡಿಸಿ ಹೇಳಿದರು.

ಆರು ತಿಂಗಳ ನಂತರ ಸರದಿ ಬಂದಾಗ ಕಂಡ ಶಸ್ತ್ರಚಿಕಿತ್ಸಾ ವಿಭಾಗವೇ ಬೇರೆಯಾಗಿತ್ತು. ದಾಖಲಾಗುವ ಮುನ್ನ ಆರ್‌ಟಿ-ಪಿಸಿಆರ್ ಪರೀಕ್ಷೆ ಕಡ್ಡಾಯವಾಗಿತ್ತು. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸೋಂಕು ತಗುಲಿದ 1,128 ರೋಗಿಗಳ ಪೈಕಿ ಶೇಕಡಾ 23.8ರಷ್ಟು ಮಂದಿ 30 ದಿನಗಳೊಳಗೆ ತೀರಿಕೊಂಡರೆಂಬ, ಅದೇ ವರ್ಷ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವನ್ನು ಶಸ್ತ್ರವೈದ್ಯರು ತಿಳಿಸಿದ ಮೇಲೆ ನನ್ನ ಹಳೆಯ ಸಿಟ್ಟು ತಾನಾಗಿಯೇ ಇಳಿಯಿತು.

ಥಿಯೇಟರಿನೊಳಗಿನ ಶಿಸ್ತು ಮೆಚ್ಚುವಂತಿತ್ತು. ಗಂಟಲಿಗೆ ಕೊಳವೆ ಹಾಕುವ ಹೊತ್ತಿನಲ್ಲಿ ವೈರಾಣು ಗಾಳಿಗೆ ಸೇರುವ ಸಂಭವ ಹೆಚ್ಚಾದ್ದರಿಂದ ಅರಿವಳಿಕೆ ತಜ್ಞರೂ ಒಬ್ಬ ಸಹಾಯಕರೂ ಮಾತ್ರ ಒಳಗಿದ್ದು, ಕೋಣೆಯ ಗಾಳಿ ಹಲವು ಬಾರಿ ಬದಲಾದ ಮೇಲೆಯೇ ಉಳಿದವರು ಬರುವರೆಂದು ನನಗೆ ಮೊದಲೇ ತಿಳಿಸಿದ್ದರು. ಲ್ಯಾಪರೋಸ್ಕೋಪಿಗಾಗಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಗಾಗಿ, ಹೊಟ್ಟೆಗೆ ತುಂಬುವ ಇಂಗಾಲದ ಡೈಆಕ್ಸೈಡನ್ನು ಹಾಗೆಯೇ ಹೊರಬಿಡದೆ ಫಿಲ್ಟರಿನ ಮೂಲಕ ತೆಗೆಯುತ್ತಿದ್ದರಂತೆ. ಪಿಪಿಇ ಕಿಟ್‌ನೊಳಗೆ ಯಾರ ಮುಖವೂ ಕಾಣದಿದ್ದರೂ ಪ್ರತಿಯೊಬ್ಬರೂ ಎದೆಯ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದುಕೊಂಡಿದ್ದರು; ಪ್ರಜ್ಞೆ ತಪ್ಪುವ ಮುನ್ನ ನನಗೆ ಧೈರ್ಯ ಕೊಟ್ಟದ್ದು, ನಿಜ ಹೇಳಬೇಕೆಂದರೆ, ಯಾವ ಯಂತ್ರವೂ ಅಲ್ಲ, ಆ ಹೆಸರುಗಳೇ.

ಸಂಪರ್ಕದ ವಿಷಯದಲ್ಲಿ ಮಾತ್ರ ಈ ವಿಭಾಗಕ್ಕೆ ಕಡಿಮೆ ಅಂಕ ಕೊಡಬೇಕಾಗುತ್ತದೆ. ಮುಂದೂಡಿದ ಮೇಲೆ ಅವರಾಗಿ ಒಮ್ಮೆಯೂ ಕರೆ ಮಾಡಲಿಲ್ಲ. ನಾನೇ ನಾಲ್ಕು ಸಲ ವಿಚಾರಿಸಿದಾಗ ಪ್ರತಿ ಸಲವೂ ಬೇರೆ ಬೇರೆಯವರು ಮಾತನಾಡಿ, ಮೊದಲಿನಿಂದ ಎಲ್ಲವನ್ನೂ ಹೇಳಿಸಿಕೊಂಡರು. ಕಾಯುವವರ ಪಟ್ಟಿಯಲ್ಲಿ ಯಾರ ನೋವು ಹೆಚ್ಚಿದೆ, ಯಾರಿಗೆ ಜ್ವರ ಬಂದಿದೆ ಎಂದು ತಿಂಗಳಿಗೊಮ್ಮೆ ಕೇಳದಿದ್ದರೆ, ಕಾಯಬಲ್ಲವರೆಂದು ಬದಿಗಿಟ್ಟ ರೋಗಿಯೇ ತುರ್ತು ರೋಗಿಯಾಗುವುದು ತಿಳಿಯುವುದಾದರೂ ಹೇಗೆ? ಶಸ್ತ್ರಚಿಕಿತ್ಸೆಯ ದಿನ ಒಳಗೆ ಯಾರನ್ನೂ ಬಿಡದ ಕಾರಣ ಹೊರಗೆ ಕಾಯುತ್ತಿದ್ದ ನನ್ನ ಹೆಂಡತಿಗೆ ಸುದ್ದಿ ತಲುಪಿದ್ದು ಸಂಜೆಗೆ.

ಮರುದಿನವೇ ಮನೆಗೆ ಕಳುಹಿಸಿದರು. ಹೊಲಿಗೆಯನ್ನು ವಿಡಿಯೊ ಕರೆಯಲ್ಲೇ ನೋಡುವುದೆಂದು ತೀರ್ಮಾನವಾಗಿತ್ತು. ನನ್ನ ಕೋಣೆಯ ಮಂದ ಬೆಳಕಿನಲ್ಲಿ ಗಾಯ ಸರಿಯಾಗಿ ಕಾಣದೆ, ವೈದ್ಯರು ಕಿಟಕಿಯ ಬಳಿ ನಿಲ್ಲಲು ಹೇಳಿ, ಎರಡನೆಯ ಸಲ ತಾಳ್ಮೆಯಿಂದ ನೋಡಿದರು.